ತಬಲಾ ತೆಗೆದ ಯಮನ್

ಬಸವಕಲ್ಯಾಣ
9 ಸೆಪ್ಟೆಂಬರ್ 2024

ದತ್ತಾತ್ರಿ,

ನಿನ್ನ ಕ್ಷೇಮಸಮಾಚಾರ ನನಗೆ ಬೇಕಿಲ್ಲ. ನನ್ನದು ನಿನಗೆ ಗೊತ್ತೇ ಇದೆ, ನಿನ್ನ ಕೈಯಿಂದಲೇ ಆದದ್ದು. ಕಲಬುರಗಿಯ ಆಸ್ಪತ್ರೆಯಲ್ಲಿ ದವಡೆಗೆ ತಂತಿ ಬಿಗಿದು ಕಳಿಸಿದ್ದಾರೆ. ಮೇಲಿನ ಸಾಲಿನ ಮುಂದಿನ ಮೂರು ಹಲ್ಲು ಹೋದವು. ಜೈನಬಿ ಗಂಜಿಯನ್ನು ಕೊಳವೆಯಲ್ಲಿ ಹೀರಿಸುತ್ತಾಳೆ. ಬಾಯಿ ತೆರೆಯಲಾರದವನು ಫೋನಿನಲ್ಲಿ ಬೈಯುವುದು ಹೇಗೆ? ಮೊಬೈಲಿನಲ್ಲಿ ನಾಲ್ಕು ಸಾಲು ಒತ್ತಿ ನೋಡಿದೆ, ನನ್ನ ಸಿಟ್ಟು ಅದರೊಳಗೆ ಹಿಡಿಸಲಿಲ್ಲ. ಅದಕ್ಕೇ ಈ ಕಾಗದ.

ಮಾಣಿಕನಗರದಲ್ಲಿ ನೀನು ಕಂಡಕಂಡವರಿಗೆ ನಿನಗೆ ಬೇಕಾದ ಹಾಗೆ ಕಥೆ ಹೇಳುತ್ತಿದ್ದೀಯಂತೆ. ಗಯಾಸುದ್ದೀನನ ಬಾಯಿ ಮುಚ್ಚಿದೆ, ಇನ್ನು ಯಾರ ಹೆದರಿಕೆ ಅಂತ ತಾನೆ? ಆದದ್ದನ್ನು ನಾನು ಬರೆಯುತ್ತೇನೆ, ನಿಂತು ಓದು.

ಹೈದರಾಬಾದಿನ ಕಂಪನಿಯವನು ಕೇಳಿದ್ದೇನು? ದಣಿದು ಬಂದವರು ಕಣ್ಣು ಮುಚ್ಚಿ ಕೇಳುವಂಥ ಆರಾಮದ ಸಂಗೀತ. ರಾಗ ನಮ್ಮದು, ನಡೆ ಜಾಜ್‌ನದು. ನಿಮ್ಮ ಮನೆಯ ಹಿಂದಿನ ಕೋಣೆಯ ಗೋಡೆಗೆ ಗಾದಿ ಒರಗಿಸಿ, ಬೇಸಿಗೆಯಿಡೀ ಬೆವರು ಸುರಿಸಿ ರೆಕಾರ್ಡ್ ಮಾಡಿದೆವು. ನಾನು ಸ್ಯಾಕ್ಸೋಫೋನಿನಲ್ಲಿ ಯಮನ್ ರಾಗ ಹಿಡಿದೆ. ಜಾಜ್‌ನವರು ಡ್ರಮ್ಮಿನ ಮೇಲೆ ಬ್ರಶ್ ಆಡಿಸುವುದನ್ನು ನೋಡಿ ನೀನು ಪೊರಕೆಕಡ್ಡಿಯ ಕಟ್ಟು ಮಾಡಿಕೊಂಡು ತಬಲಾದ ಮೇಲೆ ಸವರಿದೆ. ಚೆನ್ನಾಗಿಯೇ ಬಂದಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಕಂಪನಿಯವನು, ತಬಲಾ ಚುಚ್ಚುತ್ತದೆ, ಜನ ಎಚ್ಚರಾಗುತ್ತಾರೆ, ತೆಗೆಯಿರಿ ಅಂದ. ತೆಗೆದೆ. ನಿನಗೆ ಹೇಳಲಿಲ್ಲ, ಹೇಳಿದ್ದರೆ ನೀನು ಬಿಡುತ್ತಿರಲಿಲ್ಲ.

ನೀನು ನಿನ್ನ ಓಣಿಯನ್ನೆಲ್ಲ ಚಹಾದಂಗಡಿಗೆ ಕರೆದು, ಸ್ಪೀಕರ್ ಹಚ್ಚಿ, ಮುಂದೆ ನಿಮ್ಮಪ್ಪ ಮಚ್ಚೇಂದ್ರ ಕಾಕಾರನ್ನು ಕೂರಿಸುತ್ತೀಯೆಂದು ನನಗೇನು ಕನಸು ಬಿದ್ದಿತ್ತೆ? ಹಾಡು ಮುಗಿಯಿತು. ಕಾಕಾ ಕೇಳಿದರು: "ಛಲೋ ಅದ. ಆದ್ರ ಇದ್ರಾಗ ನೀ ಎಲ್ಲಿದ್ದಿಯೋ ದತ್ತಾ?" ಎಲ್ಲರೂ ನಿನ್ನ ಮುಖ ನೋಡಿದರು. ನಾನು ನಕ್ಕೆ. ಕೇಳಿಸಿದ ಮೇಲೆ ಇಬ್ಬರೂ ಅಲ್ಲೇ ನುಡಿಸುವುದೆಂದು ನೀನು ತಬಲಾ ಮುಂದಿಟ್ಟು ಶ್ರುತಿ ಮಾಡುತ್ತಿದ್ದೆ. ಕೈಯಲ್ಲಿ ಹತೋಡಿ ಇತ್ತು. ತಬಲಾದ ಅಂಚಿಗೆ ಬೀಳಬೇಕಾದದ್ದು ನನ್ನ ಬಾಯಿಗೆ ಬಿತ್ತು.

ಆಸ್ಪತ್ರೆಯಲ್ಲಿ ಬೈಕಿನಿಂದ ಬಿದ್ದೆ ಅಂತ ಬರೆಸಿದ್ದೇನೆ. ಕರುಣೆ ಅಂದುಕೊಳ್ಳಬೇಡ. ಪೊಲೀಸರು ನಿನ್ನನ್ನು ಒಯ್ದರೆ ನನ್ನ ಪಾಲಿಗೆ ಏನು ಉಳಿಯುತ್ತದೆ? ರಕ್ತ ಸುರಿಯುತ್ತಿದ್ದರೂ ನಿನ್ನ ಹಿತ್ತಾಳೆಯ ಹತೋಡಿ ಎತ್ತಿಕೊಂಡೇ ಬಂದಿದ್ದೇನೆ. ಹಲ್ಲಿಲ್ಲದ ಸ್ಯಾಕ್ಸೋಫೋನಿನವನು ಅಂದರೆ ಏನೆಂದು ನಿನಗೆ ಗೊತ್ತು. ತೋರುಬೆರಳಿಲ್ಲದ ತಬಲಜಿ ಅಂದರೆ ಏನೆಂದು ನನಗೆ ಗೊತ್ತು. ಬಲಗೈಯ ಆ ಬೆರಳನ್ನು ಜೋಪಾನವಾಗಿ ಇಟ್ಟುಕೊ, ನಾನು ಬರುವವರೆಗೆ.

ಗಯಾಸುದ್ದೀನ್


ಮಾಣಿಕನಗರ
17 ಸೆಪ್ಟೆಂಬರ್ 2024

ಗಯಾಸ,

ಕಾಗದ ಮುಟ್ಟಿತು. ಅಕ್ಷರ ಇನ್ನೂ ದುಂಡಗಿವೆ. ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತಾಗ ನಿನ್ನ ಕನ್ನಡ ನೋಡಿ ಮಾಸ್ತರರು ನನ್ನ ಕಿವಿ ಹಿಂಡುತ್ತಿದ್ದರು, ಆ ಸಿಟ್ಟೂ ಇದರ ಜೊತೆಗೆ ಸೇರಿಸಿಕೊ.

ತಪ್ಪಾಯಿತು ಅಂತ ಬರೆಯುತ್ತೇನೆಂದು ಕಾಯುತ್ತಿದ್ದರೆ ಕಾಯುತ್ತಲೇ ಇರು. ನಾನು ಹೊಡೆದೆ. ಬೇಕೆಂದೇ ಹೊಡೆದೆ. ಕೈ ಜಾರಿತು, ತಲೆ ತಿರುಗಿತು ಅನ್ನುವ ನೆಪ ನನಗೆ ಬೇಡ. ನೀನು ಇನ್ನೊಮ್ಮೆ ಹಾಗೆ ನಕ್ಕರೆ ಇನ್ನೊಮ್ಮೆ ಹೊಡೆಯುತ್ತೇನೆ, ಈ ಸಲ ಕೆಳಗಿನ ಸಾಲಿಗೆ.

ಪೊರಕೆಕಡ್ಡಿ ಹಿಡಿದ ದಿನವೇ ಅಪ್ಪ ನನ್ನ ಮುಖಕ್ಕೆ ಉಗುಳಿದಂತೆ ಮಾತಾಡಿದ್ದರು. "ತಬಲಾ ಅಂದ್ರ ಅಂಗಳ ಏನೋ, ಕಸಾ ಹೊಡಿಯಾಕ?" ಅಂದಿದ್ದರು. ನಿನಗಾಗಿ ಅದನ್ನೂ ನುಂಗಿದೆ. ಗಯಾಸ ಹೇಳುತ್ತಾನೆ, ಹೊಸದು ಮಾಡುತ್ತಾನೆ ಅಂತ. ಕಣ್ಣು ಮಂದವಾದ ಮನುಷ್ಯನನ್ನು ಕೈ ಹಿಡಿದು ಚಹಾದಂಗಡಿಗೆ ಕರೆತಂದು, ಕೇಳಪ್ಪ ನಿನ್ನ ಮಗ ಏನು ಮಾಡಿದ್ದಾನೆ ಅಂದರೆ, ಅದರಲ್ಲಿ ನಾನೇ ಇಲ್ಲ. ಬೇಸಿಗೆಯಿಡೀ ನಾನು ಆ ಕೋಣೆಯಲ್ಲಿ ಇರಲೇ ಇಲ್ಲವೇನೋ ಅನ್ನುವ ಹಾಗೆ ನೀನು ಒರೆಸಿ ಹಾಕಿದ್ದೆ. ಮನುಷ್ಯನನ್ನು ಕೊಂದವನಾದರೂ ಹೆಣ ಬಿಟ್ಟು ಹೋಗುತ್ತಾನೆ.

ಆವತ್ತಿನಿಂದ ಅಪ್ಪ ನನ್ನೊಡನೆ ಮಾತು ಬಿಟ್ಟಿದ್ದಾರೆ. ಹೊಡೆದದ್ದಕ್ಕೋ, ಹಾಡಿನಲ್ಲಿ ಇಲ್ಲದ್ದಕ್ಕೋ, ಹೇಳುವುದಿಲ್ಲ. ಹತೋಡಿ ಅವರದು. ಬೇರೆಯದು ತಂದರೆ ತಬಲಾ ಮುಟ್ಟಬೇಡ ಅಂತ ನನ್ನ ತಮ್ಮ ಕುನಾಲನ ಕೈಯಲ್ಲಿ ಹೇಳಿ ಕಳಿಸಿದ್ದಾರೆ. ತಬಲಾ ಶ್ರುತಿ ಇಳಿದು ಮೂಲೆಯಲ್ಲಿ ಕೂತಿದೆ.

ಬೆರಳು ಬೇಕೇ? ಬಾ. ಕೈ ಹಿಂದಕ್ಕೆ ಎಳೆದರೆ ನಾನು ಮಚ್ಚೇಂದ್ರನ ಮಗನೇ ಅಲ್ಲ.

ದತ್ತಾತ್ರಿ


ಬಸವಕಲ್ಯಾಣ
11 ನವೆಂಬರ್ 2024

ದತ್ತಾತ್ರಿ,

ತಂತಿ ಬಿಚ್ಚಿದರು. ಈಗ ಬಾಯಿ ತೆರೆಯುತ್ತದೆ, ಬೈಗುಳ ಸರಾಗವಾಗಿ ಬರುತ್ತವೆ. ಮೊದಲ ದಿನ ನಿನ್ನ ಹೆಸರಿಗೇ ಮೀಸಲಿಟ್ಟೆ. ಮಕ್ಕಳು ಮನೆಯಿಂದ ಹೊರಗೆ ಓಡಿದರು.

ಹಲ್ಲು ಕಟ್ಟಿಸಲು ಹುಮನಾಬಾದಿಗೆ ಬಂದಿದ್ದೆ, ನಿನ್ನ ಮನೆಯ ಹತ್ತಿರವೇ. ಹತೋಡಿ ಚೀಲದಲ್ಲಿತ್ತು. ಮೊದಲು ಹಲ್ಲಿನ ಕೆಲಸ, ಆಮೇಲೆ ನಿನ್ನದು ಅಂದುಕೊಂಡು ಕುರ್ಚಿಯ ಮೇಲೆ ಒರಗಿದೆ. ಗೋಡೆಯ ಸ್ಪೀಕರಿನಲ್ಲಿ ಏನು ಬರುತ್ತಿತ್ತು ಹೇಳು? ನಮ್ಮ ಯಮನ್. ಕಂಪೌಂಡರ್ ದೊಡ್ಡ ಮನುಷ್ಯನಂತೆ ಹೇಳಿದ: "ಇದು ಹಚ್ಚಿದ್ರ ಪೇಷಂಟ್ ಹೆದರಂಗಿಲ್ರಿ. ಒಬ್ಬಾಂವ ಹಲ್ಲು ಕೀಳಬೇಕಾದ್ರನ ನಿದ್ದಿ ಹೋಗಿದ್ದ." ನನ್ನ ಬಾಯೊಳಗೆ ಡಾಕ್ಟರರ ಎರಡೂ ಕೈ ಇದ್ದವು, ಇಲ್ಲದಿದ್ದರೆ ಅವನ ಕಪಾಳ ಉಳಿಯುತ್ತಿರಲಿಲ್ಲ.

ಆ ಕುರ್ಚಿಯಲ್ಲಿ ಬಿದ್ದುಕೊಂಡು ಪೂರ್ತಿ ಕೇಳಿದೆ. ನನ್ನ ಕಾಲ್ಬೆರಳು ತಾಳ ಹಾಕುತ್ತಾ ಸುತ್ತಿ ಬಂದು, ತಾಳದ ಮೊದಲ ಪೆಟ್ಟು ಸಮ್ ಬೀಳಬೇಕಾದ ಜಾಗದಲ್ಲಿ ನಿನಗಾಗಿ ಕಾಯುತ್ತಿತ್ತು. ನೀನು ಬರಲಿಲ್ಲ. ಮತ್ತೆ ಸುತ್ತಿ ಬಂತು, ಮತ್ತೆ ಬರಲಿಲ್ಲ. ಕೂರಲು ಜಾಗವಿಲ್ಲದವನ ಹಾಗೆ ನನ್ನ ಸ್ಯಾಕ್ಸು ಅಲೆಯುತ್ತಿತ್ತು. ಆರಾಮ ಅಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ಈ ಉರಿ ನಿನ್ನ ಮೇಲಿನದೋ ನನ್ನ ಮೇಲಿನದೋ ಅಂತ ಕೇಳಬೇಡ, ಎರಡಕ್ಕೂ ಹತೋಡಿ ಒಂದೇ ಇದೆ.

ಕಟ್ಟಿದ ಹಲ್ಲು ಹಾಕಿಕೊಂಡು ಊದಿದರೆ ಅಲುಗುತ್ತದೆ. ತೆಗೆದಿಟ್ಟು, ಮೇಲಿನ ತುಟಿಯನ್ನೂ ಕೆಳಗಿನದನ್ನೂ ಒಳಕ್ಕೆ ಮಡಿಸಿ ಹಿಡಿದರೆ ಒಂದು ಸ್ವರ ಬರುತ್ತದೆ. ಮೊದಲಿನದಲ್ಲ. ಮೆತ್ತಗೆ, ಉಸಿರು ತುಂಬಿದ್ದು. ತುಟಿ ಒಳಗೆ ಹರಿದು ರಕ್ತ ಬರುತ್ತದೆ, ಒರೆಸಿಕೊಂಡು ಮತ್ತೆ ಊದುತ್ತೇನೆ. ಮದುವೆಯ ಸುಗ್ಗಿ ಬಂದಿದೆ. ಅಬ್ಬಾ ಅಬ್ದುಲ್ ಕರೀಂ ಕಟ್ಟಿದ ಬ್ಯಾಂಡಿನಲ್ಲಿ ನಾನೀಗ ಗಿಲಕಿ ಅಲ್ಲಾಡಿಸುತ್ತಾ ನಡೆಯುತ್ತೇನೆ. ಮುಂದೆ ನಡೆಯುತ್ತಿದ್ದವನು, ಈಗ ಹಿಂದೆ.

ಆವತ್ತು ಬರಲಿಲ್ಲ ಅಂದ ಮಾತ್ರಕ್ಕೆ ಬಿಟ್ಟೆ ಅಂದುಕೊಳ್ಳಬೇಡ.

ಗಯಾಸುದ್ದೀನ್


ಬಸವಕಲ್ಯಾಣ
16 ಡಿಸೆಂಬರ್ 2024

ದತ್ತಾಭಾಯ್, ಸಲಾಂ.

ನಾ ಜೈನಬಿ ಹೇಳಾಕತ್ತೇನಿ, ಮಗಳು ಗಜಾಲಾ ಬರಿಯಾಕತ್ಯಾಳ. ಅವರಿಗೆ ಗೊತ್ತಿಲ್ಲ. ಗೊತ್ತಾದ್ರ ನನ್ನನ್ನೂ ಹೊಡೀತಾರ, ಹೊಡೀಲಿ, ನಾನೂ ಬಿಡಂಗಿಲ್ಲ.

ಮುಡಬಿ ಊರಿನ ಮದುವ್ಯಾಗ ಏನಾತು ಅಂತ ನಿಮ್ಮ ಕುನಾಲ ನಿಮಗ ಅರ್ಧಾ ಹೇಳಿರ್ತಾನ. ಉಳಿದರ್ಧ ನಾ ಹೇಳ್ತೀನಿ. ಅಂವ ಬೀಗರ ಕಡಿಂದ ಬಂದಿದ್ದ. ನಮ್ಮವರು ಗಿಲಕಿ ಹಿಡಕೊಂಡು ನಡ್ಯಾಕತ್ತಿದ್ರು. ಕುನಾಲ ಮುಂದ ಬಂದು, "ಬೋಳಬಾಯಿ ಮಾಸ್ತರ, ಒಂದು ಶಿಳ್ಳೀ ಆದ್ರೂ ಊದ್ರಿ," ಅಂದ. ಇವರು ಗಿಲಕಿ ಅಲ್ಲಾಡಸ್ಕೋತ ಮುಂದ ನಡದ್ರು. ನನ್ನ ಮೈದುನ ಫೈಜಲಗ ತಡಿಲಿಲ್ಲ. ಕೈಯಾಗಿನ ತಾಳದ ತಟ್ಟಿ ಹಿಂಗ ತಿರುವಿ ತಲಿಗಿ ಕೊಟ್ಟ. ರಕ್ತ ಹರೀತು, ಮದುಮಗನ ಕುದುರಿ ಬೆದರಿ ಓಡ್ತು. ಕುನಾಲಗ ಹೊಲಿಗಿ ಬಿದ್ದಾವಂತ ಕೇಳಿ ನಂಗೂ ಕೆಟ್ಟ ಅನಸ್ತು, ಅಂವ ನಮ್ಮನ್ಯಾಗ ಉಂಡು ಬೆಳದ ಹುಡುಗ.

ಆದ್ರ ಆಮ್ಯಾಲ ಏನ್ ಮಾಡಿದ್ರಿ ನೀವು? ಜೀಪ್ ತುಂಬಾ ಮಂದಿ ಬಂದ್ರು. ಅವರಾಗ ಅರ್ಧಾ ಮಂದಿ ಯಾರು ಅಂತ ಕುನಾಲಗೂ ಗೊತ್ತಿಲ್ಲ. ನಮ್ಮ ಓಣ್ಯಾಗ ಹೊಕ್ಕು ಬ್ಯಾಂಡಿನ ದೊಡ್ಡ ಢೋಲು ಕಬ್ಬಿಣದ ರಾಡಿಲೆ ಒಡದ್ರು. ನಮ್ಮ ಮಾವನವರ ಫೋಟೋ ಗ್ವಾಡಿಂದ ಕಿತ್ತು ತುಳದ್ರು. ಈಗ ಫೈಜಲನ ದಿಂಬಿನ ಕೆಳಗ ಕೊಯ್ತಾ ಕತ್ತಿ ಅದ. ಅವನ ಕಡಿಗೂ ಯಾರ್ಯಾರೋ ಬಂದು ಕುಂದ್ರಾಕತ್ಯಾರ, ನಮಗ ಗುರ್ತಿಲ್ಲದವರು. ಅವರು ಹಲ್ಲಿನ ಮಾತು ಆಡಂಗಿಲ್ಲ, ತಬಲಾದ ಮಾತು ಆಡಂಗಿಲ್ಲ. ನಿಮ್ಮ ಮಂದಿ, ನಮ್ಮ ಮಂದಿ ಅಂತಾರ. ಇದು ಯಾವಾಗ ಹಿಂಗ ಆತು ಭಾಯ್? ಇಬ್ಬರು ಹುಚ್ಚರ ಜಗಳ ಇತ್ತಲ್ಲ ಇದು?

ನಮ್ಮವರು ಎರಡು ಸಲ ಹತೋಡಿ ತಗೊಂಡು ನಿಮ್ಮೂರಿಗೆ ಹೋಗ್ಯಾರ. ಹುಮನಾಬಾದ್ ಬಸ್‌ಸ್ಟ್ಯಾಂಡಿನಾಗ ಚಾ ಕುಡದು, ತಿರುಗಿ ಬಂದಾರ. ಅವರ ಕೈಲಿ ಆಗಂಗಿಲ್ಲ. ನಿಮ್ಮ ಕೈಲಿ ಕಾಲ ಹಿಡಿಯಾಕ ಆಗಂಗಿಲ್ಲ. ನಡುವ ಫೈಜಲ ಸಾಯ್ತಾನ, ಇಲ್ಲಾ ಕುನಾಲ ಸಾಯ್ತಾನ. ನೀವಿಬ್ಬರೂ ಸುರು ಮಾಡೀರಿ, ನೀವ ಮುಗಸ್ರಿ. ಹ್ಯಾಂಗ ಮುಗಸ್ತೀರೋ ನಂಗ ಬ್ಯಾಡ.

ಜೈನಬಿ


ಮಾಣಿಕನಗರ
21 ಡಿಸೆಂಬರ್ 2024

ಗಯಾಸ,

ಭಾಭಿ ಬರೆಸಿದ್ದಾರೆ. ಅವರನ್ನು ಬೈದರೆ ನೋಡು.

ನಿಮ್ಮ ಓಣಿಗೆ ಜೀಪು ಬಂದದ್ದು ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಕುನಾಲನನ್ನು ಕಂಬಕ್ಕೆ ಒತ್ತಿ ಹಿಡಿದು ಹೊಡೆದೆ, ತಲೆಯ ಹೊಲಿಗೆ ಬಿಚ್ಚಿಕೊಂಡಿತು, ಬಿಡಲಿಲ್ಲ. ಅವನು ಅಳುತ್ತಾ ಒಂದು ಮಾತು ಹೇಳಿದ: "ನೀ ಹೊಡದದ್ದಕ್ಕ ಅವರು ತಿರುಗಿ ಹೊಡದಿಲ್ಲ ಅಣ್ಣಾ. ಅವರು ಹೊಡಿಯೋತನಾ ನಾವು ಕಾಯಬೇಕೇನು? ಅದಕ್ಕ ಮೊದಲ ಹೋದ್ವಿ." ಗಯಾಸ, ನಿನ್ನ ಸಾಲ ತೀರದೆ ಈ ಹುಡುಗರ ತಲೆಯಿಂದ ಹೆದರಿಕೆ ಹೋಗುವುದಿಲ್ಲ. ನೀನು ಹೊಡೆಯುವವರೆಗೂ ನಿಮ್ಮವರು ಹೊಡೆಯಬೇಕು ಅನ್ನುತ್ತಾರೆ, ನಮ್ಮವರು ಅದಕ್ಕೆ ಮೊದಲೇ ಹೊಡೆಯಬೇಕು ಅನ್ನುತ್ತಾರೆ. ಇಬ್ಬರಿಗೂ ಹಿಂದೆ ನಿಂತು ಕಿವಿ ಊದುವವರಿದ್ದಾರೆ.

ಇಪ್ಪತ್ತೊಂಬತ್ತನೇ ತಾರೀಕು ಭಾನುವಾರ. ಬೆಳಿಗ್ಗೆ, ಅದೇ ಚಹಾದಂಗಡಿ. ಆವತ್ತು ನೋಡಿದವರೆಲ್ಲ ಇರುತ್ತಾರೆ. ಫೈಜಲನನ್ನು ಕರೆದುಕೊಂಡು ಬಾ, ಕುನಾಲ ನನ್ನ ಪಕ್ಕ ಇರುತ್ತಾನೆ, ಅಪ್ಪ ಇರುತ್ತಾರೆ. ಅಂಗಡಿಯ ಕಲ್ಲಿನ ಕಟ್ಟೆಯ ಮೇಲೆ ನನ್ನ ಬಲಗೈ ಇರುತ್ತದೆ. ಎಲ್ಲರ ಎದುರು ನೀನು ನಿನ್ನದನ್ನು ತೆಗೆದುಕೊ. ಅಲ್ಲಿಗೆ ಮುಗಿಯಿತು ಅಂತ ನಾನು ನಮ್ಮವರಿಗೆ ಹೇಳುತ್ತೇನೆ, ನೀನು ನಿಮ್ಮವರಿಗೆ ಹೇಳಬೇಕು.

ನನಗೆ ಹೆದರಿಕೆ ಆಗುತ್ತಿದೆ. ಅದನ್ನೂ ನಿನಗೇ ಬರೆಯಬೇಕಾಯಿತು ನೋಡು, ಬೇರೆ ಯಾರಿದ್ದಾರೆ.

ಹತೋಡಿ ಮರೆಯಬೇಡ.

ದತ್ತಾತ್ರಿ


ಮಾಣಿಕನಗರ
8 ಜನವರಿ 2025

ಗಯಾಸ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ನೋಡಿ ನಗಬೇಡ, ನಕ್ಕರೆ ಏನಾಗುತ್ತದೆ ಅಂತ ಗೊತ್ತಲ್ಲ.

ನೀನು ಹೊಡೆದು, ಫೈಜಲನ ತೋಳು ಹಿಡಿದು ಬಸ್ಸು ಹತ್ತಿದೆ. ಆಮೇಲೆ ಇಲ್ಲಿ ಏನಾಯಿತೆಂದು ನಿನಗೆ ಗೊತ್ತಿಲ್ಲ. ನೀನು ಮಾಡಿದ್ದು ನನಗೆ ಗೊತ್ತಾಗಲಿಲ್ಲ ಅಂತಲೂ ಅಂದುಕೊಂಡಿರಬಹುದು.

ಕಟ್ಟೆಯ ಮೇಲೆ ಕೈ ಚಾಚಿದಾಗ ನಾನು ಕಣ್ಣು ಮುಚ್ಚಿದ್ದೆ. ನೀನು ಎಡಗೈಯಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಸರಿಸಿದೆ. ತೋರುಬೆರಳು ಸಿಕ್ಕಿತು, ಅದನ್ನು ಮಡಚಿ ಅಂಗೈಯೊಳಗೆ ಒತ್ತಿದೆ. ನಡುವಿನದು ಮಡಚಿದೆ. ಅದರ ಪಕ್ಕದ್ದೂ ಮಡಚಿದೆ. ಕಲ್ಲಿನ ಮೇಲೆ ಕಿರುಬೆರಳೊಂದೇ ಉಳಿಯಿತು. ನಾನು ಕಣ್ಣು ತೆರೆದೆ. ನೀನು ನನ್ನನ್ನು ನೋಡಲಿಲ್ಲ. ಹತೋಡಿ ಬಂತು. ಒಣಗಿದ ತೊಗರಿಕಡ್ಡಿ ಮುರಿದ ಸದ್ದು ಬಂತು. ನಾನು ಕಿರುಚಿದ್ದು ಊರ ಆಚೆಗೂ ಕೇಳಿಸಿತಂತೆ. ಕುನಾಲ ಅಲ್ಲೇ ವಾಂತಿ ಮಾಡಿಕೊಂಡ. ಹುಡುಗರೆಲ್ಲ ಬೆಳ್ಳಗಾಗಿ ನಿಂತಿದ್ದರು. ರಾಡು ಹಿಡಿದು ತಿರುಗುತ್ತಿದ್ದವರು, ಎಲುಬು ಮುರಿಯುವುದನ್ನು ಇಷ್ಟು ಹತ್ತಿರದಿಂದ, ಇಷ್ಟು ನಿಧಾನಕ್ಕೆ ನೋಡಿರಲಿಲ್ಲ. ಗುರುತಿಲ್ಲದವರು ಒಬ್ಬೊಬ್ಬರೇ ಜಾರಿಕೊಂಡರು. ಆವತ್ತಿನಿಂದ ನಮ್ಮ ಮನೆಗೆ ಜೀಪು ಬಂದಿಲ್ಲ.

ಮನೆಗೆ ಬಂದ ಮೇಲೆ ಅಪ್ಪ ಹತ್ತಿರ ಕರೆದು ಪಟ್ಟಿಯ ಮೇಲೆ ಕೈಯಾಡಿಸಿದರು. ಬೆರಳಿಂದ ಬೆರಳಿಗೆ ಮುಟ್ಟುತ್ತಾ ಹೋದರು. ಆಗಸ್ಟಿನಿಂದ ಮಾತಾಡದ ಮನುಷ್ಯ ಬಾಯಿಬಿಟ್ಟರು: "ತೋರುಬೆರಳು ಆಡಸು." ಆಡಿಸಿದೆ. "ಕಿರುಬೆರಳಿಲ್ದನೂ ತಬಲಾ ನುಡೀತದ. ಆ ಬ್ಯಾಂಡಿನಾಂವಗ ಅದು ಗೊತ್ತದ. ನೀ ಕೂತಾಗೆಲ್ಲಾ ನಿನ್ನ ಕೈ ನೋಡ್ಯಾನ ಅಂವ," ಅಂದರು. ಕಣ್ಣು ಕಾಣದವರಿಗೆ ತಿಳಿದದ್ದು, ಕಣ್ಣಿದ್ದು ಸುತ್ತ ನಿಂತ ಅಷ್ಟು ಜನರಿಗೆ ತಿಳಿಯಲಿಲ್ಲ.

ಉಪಕಾರವಾಯಿತು ಅಂತ ಬರೆಯುವುದಿಲ್ಲ. ನನಗೆ ನಿನ್ನ ಮೇಲೆ ಸಿಟ್ಟು ಬಂದಿದೆ. ನಾನು ಮನಸ್ಸು ಗಟ್ಟಿಮಾಡಿ ತಬಲಾಗೆ ಕೈಮುಗಿದು ಬಂದಿದ್ದೆ. ನೀನು ಯಾರು ನನಗೆ ಭಿಕ್ಷೆ ಹಾಕಲು? ನಿನ್ನ ಮೂರು ಹಲ್ಲಿಗೆ ನನ್ನ ಕಿರುಬೆರಳೇ?

ದತ್ತಾತ್ರಿ


ಬಸವಕಲ್ಯಾಣ
27 ಜನವರಿ 2025

ದತ್ತಾ,

ಭಿಕ್ಷೆಯೂ ಅಲ್ಲ, ನಿಮ್ಮಜ್ಜಿಯ ತಲೆಯೂ ಅಲ್ಲ. ಬಸ್ಸಿನಲ್ಲಿ ಬರುವಾಗ ತೋರುಬೆರಳನ್ನೇ ಮುರಿಯುತ್ತೇನೆಂದು ಕೂತಿದ್ದೆ. ಕೈಗೆ ಸಿಕ್ಕಾಗ ಅದರ ತುದಿಯ ಗಟ್ಟಿ ಚರ್ಮ ತಾಗಿತು. ಇದನ್ನು ಒಡೆದರೆ ಸಮ್‌ಗೆ ನಾನು ಯಾರನ್ನು ಕಾಯಲಿ? ಹಲ್ಲಿನ ಡಾಕ್ಟರರ ಕುರ್ಚಿಯ ಮೇಲೆ ಒಂದು ಸಲ ಕಾದದ್ದೇ ಸಾಕಾಗಿದೆ. ನನ್ನ ಸ್ವಾರ್ಥಕ್ಕೆ ಬಿಟ್ಟೆ, ತಿಳಿಯಿತೆ? ಆದರೆ ಹೊಡೆದದ್ದು ಮಾತ್ರ ಸುಳ್ಳಲ್ಲ. ಪೂರ್ತಿ ಜೋರಿನಿಂದ ಹೊಡೆದೆ. ಹೊಡೆದಾಗ ನನಗೆ ಸುಖವಾಯಿತು. ರಾತ್ರಿ ಊಟ ಸೇರಲಿಲ್ಲ. ಎರಡೂ ನಿಜ.

ಫೈಜಲ ಕೊಯ್ತಾವನ್ನು ತಾನೇ ತಂದು ಜೈನಬಿಯ ಕೈಗೆ ಕೊಟ್ಟ. ಅವಳು ಅದರಿಂದ ಈಗ ತೆಂಗಿನಕಾಯಿ ಒಡೆಯುತ್ತಾಳೆ.

ಈಗ ಕೆಲಸದ ಮಾತು. ಆ ಬೋಳುಬಾಯಿಯ ಸ್ವರವನ್ನು ಸುಮ್ಮನೆ ಮೊಬೈಲಿನಲ್ಲಿ ಹಿಡಿದಿದ್ದೆ. ಗಜಾಲಾ ಅದನ್ನು ಕಂಪನಿಯವನಿಗೆ ಕಳಿಸಿಬಿಟ್ಟಿದ್ದಾಳೆ. ಅವನು ಕುಣಿದಾಡುತ್ತಿದ್ದಾನೆ. ಇಷ್ಟು ಮೃದು ಸ್ವರ ಎಲ್ಲೂ ಕೇಳಿಲ್ಲವಂತೆ, ತಾಯಿಯ ಕೈ ಸವರಿದ ಹಾಗಿದೆಯಂತೆ. ನನ್ನ ತುಟಿಯ ರಕ್ತ ಅವನಿಗೆ ಕೇಳಿಸುವುದಿಲ್ಲ. ಇನ್ನೊಂದು 'ಆರಾಮ' ಮಾಡಿಕೊಡಿ ಅನ್ನುತ್ತಾನೆ. ತಬಲಾ ಇದ್ದರೆ ಮಾತ್ರ ಅಂದೆ. ನೋಡೋಣ ಅಂದ.

ಬೆರಳು ಕೂಡಿಕೊಂಡ ಮೇಲೆ ಹೇಳು. ಗಾದಿ ಒರಗಿಸಿಡು. ಪೊರಕೆಕಡ್ಡಿ ಒಲೆಗೆ ಹಾಕು.

ಗಯಾಸ


ಬಸವಕಲ್ಯಾಣ
24 ಮಾರ್ಚ್ 2025

ದತ್ತಾ,

ಹೋದ ವಾರ ರೆಕಾರ್ಡ್ ಮುಗಿಸಿ ಬರುವಾಗ ಮಾತಾಡಲು ಆಗಲಿಲ್ಲ, ಬಾಯಿ ಊದಿಕೊಂಡಿತ್ತು. ನಿನ್ನ ಕಿರುಬೆರಳು ಕೊಕ್ಕೆಯಂತೆ ಮೇಲೆ ನಿಂತಿರುವುದನ್ನು ನೋಡುತ್ತಾ ಊದುವುದು ಸುಲಭವಲ್ಲ. ನನ್ನ ಬಾಯಿ ನೋಡುತ್ತಾ ನುಡಿಸುವುದೂ ನಿನಗೆ ಸುಲಭವಿರಲಿಲ್ಲ ಅಂತ ಗೊತ್ತು. ನಾವಿಬ್ಬರೂ ಗೋಡೆ ನೋಡುತ್ತಾ ನುಡಿಸಿದ್ದು ಒಳ್ಳೆಯದೇ ಆಯಿತು.

ಕಾಕಾ ಬಾಗಿಲ ಬಳಿ ಕೂತು ಕೇಳಿದರಲ್ಲ, ಕೊನೆಗೆ ನಿನ್ನ ಹತ್ತಿರ ಬಂದು ತಲೆ ಸವರಿದರು. ಆಮೇಲೆ ನನ್ನ ಹತ್ತಿರ ಬಂದು, ಮುಖ ತಡವಿ ಕೆನ್ನೆ ಎಲ್ಲಿದೆ ಅಂತ ನೋಡಿಕೊಂಡು, ಫಟಾರನೆ ಒಂದು ಬಿಟ್ಟರು. "ಇದು ಮೊದಲನೇ ಹಾಡಿಗಿ," ಅಂದರು. ಹೆದರಬೇಡ, ಅವರಿಗೆ ತಿರುಗಿ ಹೊಡೆಯುವ ವಿಚಾರ ನನಗಿಲ್ಲ.

ಕಂಪನಿಯವನಿಗೆ ಕಳಿಸಿದೆ. ನಿನ್ನೆ ವೀಡಿಯೋ ಕಾಲ್ ಮಾಡಿದ. ಸ್ಯಾಕ್ಸು ಅಮೃತದ ಹಾಗಿದೆ ಅಂದ. ಆದರೆ ನಡುವೆ ನಿನ್ನ ತಬಲಾ ತುಂಬು ಕೈಯಿಂದ ಸಮ್‌ಗೆ ಬಂದು ಬಿದ್ದಾಗ ಮಲಗಿದ್ದವರು ಎದ್ದು ಕೂರುತ್ತಾರೆ, ಇದು ಆರಾಮದ ಸಂಗೀತ, ಹೊಡೆದಾಟದ್ದಲ್ಲ ಅಂದ. ನಯವಾಗಿಯೇ ಹೇಳಿದ: "ಹೋದ ಸಲ ತೆಗೆದಿರಿ ನೋಡಿ, ಹಾಗೆ ತಬಲಾ ಒಂದು ತೆಗೆದುಬಿಡಿ."

ನಾನು ಕಟ್ಟಿಸಿದ ಹಲ್ಲನ್ನು ಬಾಯಿಂದ ತೆಗೆದು ಮೇಜಿನ ಮೇಲಿಟ್ಟೆ. ಮೊಬೈಲನ್ನು ಹತ್ತಿರಕ್ಕೆ ತಂದು, ವಸಡು ಚೆನ್ನಾಗಿ ಕಾಣುವ ಹಾಗೆ ಬಾಯಿ ಅಗಲಿಸಿ ಅವನಿಗೆ ತೋರಿಸಿದೆ.

"ಹೋದ ಸಲ ತೆಗದಿದ್ನಿರಿ ಸಾಹೇಬ್ರ," ಅಂದೆ. "ನೋಡ್ರಿ."

ಅವನು ಕರೆ ಕತ್ತರಿಸಿದ. ಇನ್ನು ಆ ಕೆಲಸ ಹೋಯಿತು ಅಂತಲೇ ತಿಳಿ. ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಚಹಾದಂಗಡಿಯವನಿಗೆ ಸ್ಪೀಕರ್ ತೆಗೆದಿಡಲು ಹೇಳು, ಅಲ್ಲೇ ಕೂತು ನುಡಿಸೋಣ. ಈ ಬಿಸಿಲಿಗೆ ನಿನ್ನ ತಬಲಾದ ಶ್ರುತಿ ಏರುಪೇರಾಗಿರುತ್ತದೆ. ಹತೋಡಿ ತರುತ್ತೇನೆ.

ನಿನ್ನ
ಗಯಾಸ